ಕೇಳಿದ್ದೆಷ್ಟು, ಬಂದದ್ದೆಷ್ಟು

ಅಣ್ಣಿಗೇರಿ, ನವಲಗುಂದದ ಕಡೆ ಮೊಬೈಲ್ ಅಂಗಡಿಗೆ ಹೋಗಿ ಪೆನ್‌ಡ್ರೈವ್‌ಗೆ ಹಾಡು ಹಾಕಿಸಿಕೊಂಡು ಬರುವವರು ಈಗಲೂ ಇದ್ದಾರೆ. ಟ್ರ್ಯಾಕ್ಟರಿನ ಟೇಪಿಗೆ ಅದೇ ಬೇಕು. ಹಾಡು ನಡುವೆ ಕರಕರ ಎಂದು ಮುಂದಿನದಕ್ಕೆ ಜಿಗಿದರೆ ಬೈಗುಳ ಬೀಳುವುದು ಪೆನ್‌ಡ್ರೈವ್‌ಗೆ. ಬಹಳಷ್ಟು ಸಲ ಅದು ನ್ಯಾಯವೇ: ಚಿಪ್ಪು ಕಳಪೆ, ಇಲ್ಲವೇ ಕಾಪಿ ಮುಗಿಯುವ ಮೊದಲೇ ಯಾರೋ ಕಿತ್ತಿದ್ದಾರೆ. ಆದರೆ ಒಮ್ಮೊಮ್ಮೆ ಒಳಗಿನ ಹಾಡು ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಕೊಡುವವನ ಮತ್ತು ತೆಗೆದುಕೊಳ್ಳುವವನ ನಡುವಿನ ಲೆಕ್ಕ.

ಕಂಪ್ಯೂಟರಿನಲ್ಲಿ ಈ ಲೆಕ್ಕ ನೋಡಿಕೊಳ್ಳುವುದು ಆಪರೇಟಿಂಗ್ ಸಿಸ್ಟಂನೊಳಗಿನ ಡ್ರೈವರ್ ಎಂಬ ತಂತ್ರಾಂಶ. ಸಾಮಾನ್ಯ ಪೆನ್‌ಡ್ರೈವ್ ಆದರೆ, ಪ್ರತಿ ಸಲ ಓದುವ ಮುನ್ನ ಡ್ರೈವರ್ 31 ಬೈಟಿನ ಚೀಟಿಯೊಂದನ್ನು ಕಳಿಸುತ್ತದೆ. ಮೊದಲ 4 ಬೈಟು ಗುರುತಿನ ಅಕ್ಷರಗಳು, ಮುಂದಿನ 4 ಚೀಟಿಯ ನಂಬರು, ಅದರ ಮುಂದಿನ 4 ‘ಇಷ್ಟು ಬೈಟು ಬೇಕು’ ಎಂಬ ಅಳತೆ. ಮಾಲು ಬಂದ ಮೇಲೆ ಪೆನ್‌ಡ್ರೈವ್ 13 ಬೈಟಿನ ರಸೀದಿ ಕೊಡುತ್ತದೆ: ಅದೇ ನಂಬರು, ಕೆಲಸ ಆಯಿತೋ ಇಲ್ಲವೋ, ಜೊತೆಗೆ ಬಾಕಿ ಎಷ್ಟು.

ತಕರಾರೆಲ್ಲ ಈ ಬಾಕಿಯದು. ಎಪಿಎಂಸಿಗೆ ಕಡಲೆ ಲಾರಿ ಬಂತು ಎನ್ನಿ. ಚೀಟಿಯಲ್ಲಿ 100 ಚೀಲ, ಹಮಾಲರು ಇಳಿಸಿ ಎಣಿಸಿದರೂ 100. ಆದರೆ ‘ಕೊನೆಯ 10 ಚೀಲ ಬರೀ ಹೊಟ್ಟು, ಲಾರಿ ತುಂಬಲೆಂದು ಹಾಕಿದ್ದು’ ಎಂದು ಕಳಿಸಿದವನೇ ರಸೀದಿಯಲ್ಲಿ ಬರೆದಿದ್ದರೆ? ಯುಎಸ್‌ಬಿ ನಿಯಮ ಇದಕ್ಕೆ ಒಪ್ಪುತ್ತದೆ. ಕೊರತೆಯನ್ನು ಹುಸಿ ಬೈಟುಗಳಿಂದ ತುಂಬಿ, ಅಷ್ಟನ್ನು ಬಾಕಿ ಎಂದು ಬರೆದರೆ ತಪ್ಪಿಲ್ಲ. ತಂತಿಯಲ್ಲಿ ಬಂದದ್ದನ್ನಷ್ಟೇ ಎಣಿಸಿ ರಸೀದಿ ಓದದ ಡ್ರೈವರ್ ಹೊಟ್ಟನ್ನೂ ಹಾಡೆಂದೇ ಮೇಲಕ್ಕೆ ದಾಟಿಸುತ್ತದೆ.

ಮಾಲು ಕಡಿಮೆ ಬಂದೂ ಪೂರ್ತಿ ಬಂತೆಂದು ಡ್ರೈವರ್ ಹೇಳಿದರೆ ಇನ್ನೂ ಕೆಟ್ಟದ್ದು. ಮೆಮೊರಿಯಲ್ಲಿ ತುಂಬದೆ ಉಳಿದ ಜಾಗದಲ್ಲಿ ಬೇರೆ ಯಾವುದೋ ಕೆಲಸದ ಹಳೆಯ ಚೂರು ಬಿದ್ದಿರುತ್ತದೆ. ಯಾರದೋ ಪಾಸ್‌ವರ್ಡೇ ಅಲ್ಲಿದ್ದರೂ ಇರಬಹುದು. ಆಗ ಇದು ಹಾಡಿನ ತೊಂದರೆಯಲ್ಲ, ಸೋರಿಕೆ. ರಿಪೇರಿ ಮಾತ್ರ ಸಣ್ಣದು: ಎಣಿಸಿದ್ದನ್ನೂ ನೋಡು, ಕೇಳಿದ್ದರಲ್ಲಿ ಬಾಕಿ ಕಳೆದದ್ದನ್ನೂ ನೋಡು, ಎರಡರಲ್ಲಿ ಕಡಿಮೆಯದನ್ನು ನಂಬು.

ಅಷ್ಟಕ್ಕೇ ಮುಗಿಯುತ್ತಿತ್ತು, ರಸೀದಿಯೇ ಸುಳ್ಳು ಹೇಳದಿದ್ದರೆ. ಕೆಲವು ಸಾಧನಗಳು ಮಾಲನ್ನೆಲ್ಲ ಸರಿಯಾಗಿ ಕೊಟ್ಟೂ ಬಾಕಿಯ ಜಾಗದಲ್ಲಿ ಏನೋ ಒಂದು ಗೀಚುತ್ತವೆ. ಅವನ್ನು ತಯಾರಕರು ತಿದ್ದುವುದಿಲ್ಲ, ಮಾರಿ ಕೈತೊಳೆದುಕೊಂಡಿರುತ್ತಾರೆ. ಹಾಗಾಗಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇಂಥವುಗಳದೇ ಒಂದು ಪಟ್ಟಿ ಇಟ್ಟುಕೊಂಡಿದೆ. ಕಂಪನಿಯ ಸಂಖ್ಯೆ, ಮಾದರಿಯ ಸಂಖ್ಯೆ, ಮುಂದೆ ‘ಇದರ ಬಾಕಿಯನ್ನು ಲೆಕ್ಕಕ್ಕೆ ಹಿಡಿಯಬೇಡ’ ಎಂಬ ಗುರುತು. ನನ್ನ ಪಾಲಿಗೆ ಆ ಕಡತ ಯಾವ ಕಂಪನಿಯ ಜಾಹೀರಾತಿಗಿಂತಲೂ ಪ್ರಾಮಾಣಿಕ.

ಒಂದೇ ಸಲಕ್ಕೆ ಹೆಚ್ಚು ಕೇಳಿದರೆ ಸ್ತಬ್ಧವಾಗುವ ಚಿಪ್ಪುಗಳೂ ಉಂಟು. ಯುಎಸ್‌ಬಿ 2ರ ಸಾಧನಗಳಿಗೆ ಲಿನಕ್ಸ್ ಸಾಮಾನ್ಯವಾಗಿ ಒಮ್ಮೆಗೆ ಹೆಚ್ಚೆಂದರೆ 240 ಸೆಕ್ಟರ್, ಅಂದರೆ 120 ಕೆಬಿ ಕೇಳುತ್ತದೆ. ಜೆನೆಸಿಸ್ ಲಾಜಿಕ್ ಕಂಪನಿಯ ಚಿಪ್ಪುಗಳಿಗೆ 64 ಸೆಕ್ಟರ್‌ಗೇ, ಅಂದರೆ 32 ಕೆಬಿಗೇ ನಿಲ್ಲಿಸಬೇಕಾಯಿತು. 5 ಎಂಬಿಯ ಹಾಡಿಗೆ 43ರ ಬದಲು 160 ಚೀಟಿ. ತುಸು ನಿಧಾನ, ಆದರೆ ಹಾಡು ಪೂರ್ತಿ ಬರುತ್ತದೆ.

ಅಳತೆಯ ಜಾಗದಲ್ಲಿ ಬರುವ ಸೊನ್ನೆಯದು ಬೇರೆಯೇ ಕಥೆ. ಚೀಟಿಯೊಳಗಿನ ಆಜ್ಞೆ ಬರೆಯುವುದು ಸ್ಕಸಿ ಎಂಬ ಭಾಷೆಯಲ್ಲಿ. ಅದರ ಹಳೆಯ 6 ಬೈಟಿನ ಓದುವ ಆಜ್ಞೆಯಲ್ಲಿ ಅಳತೆಗೆ ಒಂದೇ ಬೈಟಿನ ಜಾಗ, 255ಕ್ಕೆ ಮುಗಿಯುತ್ತದೆ. ಅದಕ್ಕೇ ಅಲ್ಲಿ ಸೊನ್ನೆ ಎಂದರೆ 256 ಬ್ಲಾಕ್ (ಸೆಕ್ಟರ್). 10 ಬೈಟಿನ ಆಜ್ಞೆಯಲ್ಲಿ ಸೊನ್ನೆ ಎಂದರೆ ಸೊನ್ನೆಯೇ. ಇದನ್ನು ಮರೆತು 6 ಬೈಟಿನ ಆಜ್ಞೆಯನ್ನು 10 ಬೈಟಿನದಕ್ಕೆ ಬದಲಿಸಿದ ಡ್ರೈವರ್ 256 ಬ್ಲಾಕ್ ಬೇಕಾದಲ್ಲಿ ಏನನ್ನೂ ಕೇಳದೆ ಕೂರುತ್ತದೆ.

ಕೊನೆಯ ಬ್ಲಾಕಿನ ನಂಬರು ಹೇಳು ಎಂದರೆ ಒಟ್ಟು ಬ್ಲಾಕುಗಳ ಲೆಕ್ಕ ಒಪ್ಪಿಸುವ ಪೆನ್‌ಡ್ರೈವ್‌ಗಳೂ ಇವೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಅಲ್ಲಿ ಒಂದು ಹೆಚ್ಚಾಗುತ್ತದೆ. ಇಲ್ಲದ ಆ ಬ್ಲಾಕನ್ನು ಓದಹೋದರೆ ಕೆಲವು ಸಾಧನಗಳು ಅಲ್ಲೇ ಮುಷ್ಕರ ಹೂಡುತ್ತವೆ. ಪಟ್ಟಿಯಲ್ಲಿ ಅದಕ್ಕೂ ಒಂದು ಗುರುತು ಇದೆ: ಹೇಳಿದ್ದರಲ್ಲಿ ಒಂದು ಕಳೆ.