ಹಳೇ ಗಾಡಿ ಕಾದರೆ ಏನು ನೋಡಬೇಕು, ಕೂಗಿದರೆ ಏನು ಕೇಳಬೇಕು



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ ಎಂದು ಬರೆಯುವ ಪಶುವೈದ್ಯ ಈ ಸಲ ಕಾರಿನ ಬಗ್ಗೆ ಬರೆಯುತ್ತಿದ್ದಾನಲ್ಲ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ನಮ್ಮ ಕಡೆ ಹಾಲಿನ ಕ್ಯಾನು ಹೊರುವ ಗಾಡಿಗಳಲ್ಲಿ ಹೊಸವು ಕಡಿಮೆ. ಬೆಳಗಾವಿಯಲ್ಲಿ ಯಾರೋ ಹತ್ತು ವರ್ಷ ಓಡಿಸಿ ಮಾರಿದ ವ್ಯಾನು, ಜೀಪು, ಕಾರುಗಳು ಖಾನಾಪುರದ ಹಳ್ಳಿಗಳಿಗೆ ಬಂದು ಹಾಲು, ಹಿಂಡಿ ಚೀಲ, ಮೇವು, ಒಮ್ಮೊಮ್ಮೆ ಕರುವನ್ನೂ ಹೊರುತ್ತವೆ. ನನ್ನ ಗಾಡಿಯೂ ಅಂಥದ್ದೇ. ಹನ್ನೆರಡು ವರ್ಷ ಹಳೆಯದು, ನನಗೆ ಮೂರನೇ ಮಾಲೀಕನ ಪಟ್ಟ.

ಹೋದ ಮಳೆಗಾಲದ ಒಂದು ರಾತ್ರಿ, ಹತ್ತೂವರೆ ಇರಬೇಕು, ನಂದಗಡದ ಆಚೆಯ ಹಳ್ಳಿಯಿಂದ ಫೋನು ಬಂತು. "ಸಾಹೇಬ್ರ, ಆಕಳ ಸಂಜಿಯಿಂದ ಬಡಕೊಳ್ಳಾಕತ್ತೈತಿ, ಕರುವಿನ ಒಂದ ಕಾಲ ಅಷ್ಟ ಹೊರಗ ಬಂದೈತಿ." ಮೊದಲ ಸೂಲಿನ ಮಿಶ್ರತಳಿ ಆಕಳು. ತಿಲಕವಾಡಿಯಿಂದ ಹೊರಟೆ. ದೇಸೂರು ದಾಟುವಾಗ ಮೀಟರಿನಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿತು. ಬ್ಯಾಟರಿ ಹಳೆಯದಾಗಿದೆ, ನಾಳೆ ನೋಡೋಣ ಎಂದುಕೊಂಡು ಮುಂದೆ ಹೋದೆ. ಮಳೆಯಲ್ಲಿ ರಸ್ತೆಯ ಮೇಲಿದ್ದ ಕಣ್ಣು ಮೀಟರಿನ ಮೇಲೆ ಬೀಳುವ ಹೊತ್ತಿಗೆ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತ್ತು, ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಗಾಡಿ ಅಲ್ಲೇ ಬಿಟ್ಟೆ. ಬಹಳ ಹೊತ್ತಿನ ಮೇಲೆ ಸಿಕ್ಕ ಒಂದು ಬೈಕಿನ ಹಿಂದೆ ಕುಳಿತು ಊರು ಮುಟ್ಟುವಾಗ ಒಂದೂವರೆ ತಾಸು ತಡವಾಗಿತ್ತು. ಆಕಳು ಉಳಿಯಿತು. ಕರು ಸತ್ತಿತ್ತು, ಹೆಣ್ಣುಗರು. ಆ ರೈತರು ನನಗೆ ಒಂದು ಮಾತೂ ಅನ್ನದೆ ಚಹಾ ಮಾಡಿಸಿ ಕೊಟ್ಟರು.

ಮರುದಿನ ಮಿಸ್ತ್ರಿ ಬಾನೆಟ್ ತೆಗೆದು ಹರಿದ ಬೆಲ್ಟನ್ನು ಕೈಯಲ್ಲಿ ಹಿಡಿದು ಕೇಳಿದ: "ಇದು ನಿನ್ನೆ ಕೆಟ್ಟದ್ದಲ್ಲರಿ. ತಿಂಗಳಿಂದ ಕೂಗಿರಬೇಕಲ್ಲ, ನಿಮಗ ಕೇಳಿಲ್ಲೇನ್ರಿ?"

ಕೇಳಿತ್ತು. ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ ಕೀಂ ಎಂದು ಕೂಗಿ ಎರಡು ನಿಮಿಷದಲ್ಲಿ ಸುಮ್ಮನಾಗುತ್ತಿತ್ತು. ಮಳೆಯ ತಂಪಿಗೆ ಎಂದುಕೊಂಡಿದ್ದೆ. ಆಕಳು ಎರಡು ದಿನ ಮೆಲುಕು ಹಾಕದಿದ್ದರೂ ತಿಳಿಸಲಿಲ್ಲ ಎಂದು ನಿಮ್ಮನ್ನು ಬೈಯುವವನು ನಾನೇ.

ಅಲ್ಲಿ ಆದದ್ದು ಇಷ್ಟು. ಎಂಜಿನ್ನಿನ ಸುತ್ತ ನೀರು ತಿರುಗಿಸುವ ವಾಟರ್ ಪಂಪಿನ ಬೇರಿಂಗ್ ಸವೆದಿತ್ತು. ಅದು ಬಿಗಿಯಾಗಿ ತಿರುಗುತ್ತ ಬೆಲ್ಟನ್ನು ತಿನ್ನುತ್ತಿತ್ತು, ಬೆಲ್ಟ್ ಜಾರುತ್ತ ಕೂಗುತ್ತಿತ್ತು. ನನ್ನ ಗಾಡಿಯಲ್ಲಿ, ಹಾಗೆಯೇ ಅನೇಕ ಹಳೇ ಗಾಡಿಗಳಲ್ಲಿ, ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಮತ್ತು ನೀರಿನ ಪಂಪು ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟು. ಅದು ಹರಿದರೆ ಮೊದಲು ಬ್ಯಾಟರಿ ದೀಪ ಹೊತ್ತುತ್ತದೆ, ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ಕಾಯುತ್ತದೆ. ಓಡುವ ಗಾಡಿಯಲ್ಲಿ ಬ್ಯಾಟರಿ ದೀಪ ಬಂದರೆ ತಕ್ಷಣ ಉಷ್ಣತೆಯ ಮುಳ್ಳು ನೋಡಿ. ಅದು ಏರುತ್ತಿದ್ದರೆ ಬೆಲ್ಟ್ ಹೋಗಿದೆ ಎಂದೇ ತಿಳಿದು ಗಾಡಿ ನಿಲ್ಲಿಸಿ. ನಾನು ದೇಸೂರಿನಲ್ಲೇ ನಿಲ್ಲಿಸಿ ಬೇರೆ ಗಾಡಿ ಕರೆಸಿದ್ದರೆ ಹೊತ್ತಿಗೆ ಮುಟ್ಟುತ್ತಿದ್ದೆ.

ಆಕಳ ಮೈ ಬಿಸಿ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುವಂತೆ, ಎಂಜಿನ್ನಿಗೂ ಒಂದು ಸರಿಯಾದ ಬಿಸಿಯಿದೆ, ಸುಮಾರು 90 ಡಿಗ್ರಿ ಸೆಲ್ಸಿಯಸ್. ರೇಡಿಯೇಟರ್ ಮುಚ್ಚಳ ನಮ್ಮ ಮನೆಯ ಕುಕ್ಕರಿನಂತೆ ಒತ್ತಡ ಹಿಡಿದಿಡುವುದರಿಂದ ಒಳಗಿನ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆದ್ದರಿಂದಲೇ ಕಾದ ಗಾಡಿಯ ಮುಚ್ಚಳ ತೆಗೆಯಬಾರದು. ಸೀಟಿ ಹೊಡೆಯುವ ಕುಕ್ಕರಿನ ಮುಚ್ಚಳ ಎಳೆದಂತೆ, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕನಿಷ್ಠ ಅರ್ಧ ತಾಸು ಬಿಡಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವವರನ್ನೂ ನೋಡಿದ್ದೇನೆ. ಕಾದ ಕಬ್ಬಿಣ ಸೀಳುತ್ತದೆ, ಆಮೇಲೆ ಬೆಲ್ಟಿನ ಖರ್ಚಲ್ಲ, ಎಂಜಿನ್ನಿನ ಖರ್ಚು.

ಜ್ವರ ರೋಗವಲ್ಲ, ಲಕ್ಷಣ. ಗಾಡಿ ಕಾಯುವುದೂ ಹಾಗೆಯೇ. ಖಾನಾಪುರದ ಅನೇಕ ರೈತರು ನನಗೆ ಆಕಳ ಲಕ್ಷಣವನ್ನು ಮರಾಠಿಯಲ್ಲಿ ಹೇಳುತ್ತಾರೆ, ನನಗೆ ತಿಳಿಯುತ್ತದೆ. ಗಾಡಿ ಯಾವ ಭಾಷೆಯಲ್ಲೂ ಹೇಳುವುದಿಲ್ಲ. ಆದರೆ ಅದು ಯಾವಾಗ ಕಾಯುತ್ತದೆ ಎಂಬುದನ್ನು ನೀವು ಗಮನಿಸಿ ಮಿಸ್ತ್ರಿಗೆ ಹೇಳಿದರೆ ಅರ್ಧ ಕೆಲಸ ಮುಗಿಯಿತು. ಬೆಳಗಾವಿಯ ರೈಲ್ವೆ ಗೇಟಿನಲ್ಲಿ ನಿಂತಾಗ ಕಾದು, ರಸ್ತೆಗೆ ಬಿದ್ದು ಓಡುವಾಗ ತಣ್ಣಗಾದರೆ ತಪ್ಪು ಹೆಚ್ಚಾಗಿ ಫ್ಯಾನಿನದು: ಮೋಟಾರು, ಫ್ಯೂಸು, ರಿಲೇ, ಇಲ್ಲವೇ ಫ್ಯಾನ್ ಚಾಲೂ ಮಾಡುವ ಸ್ವಿಚ್ಚು. ಓಡುವಾಗ ಎದುರು ಗಾಳಿಯೇ ಫ್ಯಾನಿನ ಕೆಲಸ ಮಾಡುವುದರಿಂದ ದೋಷ ಮುಚ್ಚಿಹೋಗುತ್ತದೆ. ಇದಕ್ಕೆ ತಿರುಗಾಮುರುಗಾ, ಊರೊಳಗೆ ಸರಿಯಿದ್ದು ತುಂಬಿದ ಕ್ಯಾನು ಹೇರಿ ಜಾಂಬೋಟಿ, ಕಣಕುಂಬಿ ಕಡೆಯ ಏರಿನಲ್ಲಿ ಕಾದರೆ ನೀರು ಕಡಿಮೆಯಿರಬೇಕು, ಇಲ್ಲವೇ ರೇಡಿಯೇಟರ್ ಕಟ್ಟಿರಬೇಕು.

ರೇಡಿಯೇಟರ್ ಎರಡು ಕಡೆ ಕಟ್ಟುತ್ತದೆ. ಹೊರಗೆ, ನಾವು ಮೇವು ಹೇರುವವರಾದ್ದರಿಂದ, ಒಣಹುಲ್ಲಿನ ಚೂರು ಮತ್ತು ಕೆಂಪು ಮಣ್ಣು ಅದರ ಸಣ್ಣ ರೆಕ್ಕೆಗಳ ನಡುವೆ ಮೆತ್ತಿಕೊಳ್ಳುತ್ತವೆ. ಎಂಜಿನ್ ತಣ್ಣಗಿದ್ದಾಗ ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ಜೋರಾಗಿ ಹೊಡೆದರೆ ರೆಕ್ಕೆ ಮಡಚುತ್ತವೆ. ಒಳಗೆ ಕಟ್ಟುವುದು ಬೋರ್‌ವೆಲ್ ನೀರು ಹಾಕುವುದರಿಂದ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕೂರುವ ಬಿಳಿ ಪದರವೇ ಅಲ್ಲಿಯೂ ಕೂರುತ್ತದೆ.

ಇನ್ನೊಂದು ಗುರುತು: ಗಾಡಿ ಕಾದಿದೆ, ರೇಡಿಯೇಟರಿನ ಮೇಲಿನ ಪೈಪು ಬಿಸಿ, ಕೆಳಗಿನದು ತಣ್ಣಗೆ. ಆಗ ಥರ್ಮೋಸ್ಟಾಟ್ ವಾಲ್ವು ಮುಚ್ಚಿಕೊಂಡು ಕೂತಿರಬಹುದು, ಅಥವಾ ರೇಡಿಯೇಟರ್ ಒಳಗೇ ಕಟ್ಟಿರಬಹುದು. ಎಂಜಿನ್ ಆರಿಸಿ, ಬಟ್ಟೆ ಹಿಡಿದು, ಹುಷಾರಾಗಿ ಮುಟ್ಟಿ ನೋಡಿ. "ನಮ್ಮ ಹವಾಕ್ಕ ಈ ವಾಲ್ವ ಬೇಕಾಗೂದಿಲ್ಲರಿ" ಎಂದು ಅದನ್ನು ಕಿತ್ತು ಬಿಸಾಡುವ ಮಿಸ್ತ್ರಿಗಳಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ವಾಲ್ವಿಲ್ಲದ ಎಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಹೊಸದು ಹಾಕಿಸಿ.

ಎಲ್ಲಕ್ಕಿಂತ ಕೆಟ್ಟದ್ದು ಹೆಡ್ ಗ್ಯಾಸ್ಕೆಟ್ ಹೋಗುವುದು. ಎಲ್ಲಿಯೂ ಸೋರದೆ ನೀರು ಕಡಿಮೆಯಾಗುತ್ತದೆ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುವುದಿಲ್ಲ, ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥದ್ದು ಮೆತ್ತಿರುತ್ತದೆ. ಹಾಲಿನ ಬಣ್ಣ ಎಲ್ಲಿ ಬರಬಾರದು ಎಂದು ಕೇಳಿದರೆ ನಾನು ಹೇಳುವುದು ಎಂಜಿನ್ ಆಯಿಲ್ಲಿನಲ್ಲಿ. ಮಳೆಗಾಲದಲ್ಲಿ ಮುಚ್ಚಳಕ್ಕೆ ಮಾತ್ರ ಸ್ವಲ್ಪ ನೊರೆ ಅಂಟಿದ್ದರೆ ಅದು ತೇವವೂ ಇರಬಹುದು. ಆದರೆ ಆಯಿಲ್ ನೋಡುವ ಕಡ್ಡಿಯಲ್ಲೂ ಹಾಗೇ ಕಂಡರೆ ಗಾಡಿ ಚಾಲೂ ಮಾಡಬೇಡಿ.

ಈಗ ಸಪ್ಪಳದ ಮಾತು. ನಾವು ಆಕಳ ಪಕ್ಕೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳುವಂತೆ, ಹಳೇ ಮಿಸ್ತ್ರಿಗಳು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ ಹಿಡಿಕೆಯನ್ನು ಕಿವಿಗೆ ಒತ್ತಿ ಕೇಳುತ್ತಾರೆ. ನೀವು ಅಷ್ಟು ಮಾಡಬೇಕಿಲ್ಲ, ತಿರುಗುವ ಬೆಲ್ಟಿನ ಹತ್ತಿರ ಟವೆಲ್ಲು, ತೋಳು ಹೋಗುವುದು ಅಪಾಯ. ಸಪ್ಪಳ ಯಾವುದರ ಜೊತೆ ಏರುತ್ತದೆ ಎಂಬುದಷ್ಟನ್ನು ಗಮನಿಸಿ. ನಿಂತಲ್ಲೇ ಎಕ್ಸಲೇಟರ್ ಒತ್ತಿದಾಗ ಏರಿದರೆ ಅದು ಎಂಜಿನ್ ಕಡೆಯದು. ಗಾಡಿಯ ವೇಗದ ಜೊತೆ ಏರುವ ಗುಂಯ್ ಎನ್ನುವ ಸದ್ದು ಚಕ್ರದ ಕಡೆಯದು, ಹೆಚ್ಚಾಗಿ ಬೇರಿಂಗ್. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಅಂದರೆ ಮುಂದಿನ ಆ್ಯಕ್ಸಲ್ ಜಾಯಿಂಟು. ಬ್ರೇಕಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂದರೆ ಆ ದಿನವೇ ಗ್ಯಾರೇಜಿಗೆ ಒಯ್ಯಿರಿ. ಏರಿನಲ್ಲಿ ಎಂಜಿನ್ನಿನ ಆಳದಿಂದ ಸುತ್ತಿಗೆ ಬಡಿದಂತೆ ದಬ್ ದಬ್ ಎಂದರೆ, ಅಥವಾ ಆಯಿಲ್ಲಿನ ಕೆಂಪು ದೀಪ ಹೊತ್ತಿದರೆ, ಮನೆ ಒಂದೇ ಕಿಲೋಮೀಟರ್ ಇದ್ದರೂ ಅಲ್ಲೇ ನಿಲ್ಲಿಸಬೇಕು.

ಪಶುವೈದ್ಯನಾಗಿ ಒಂದು ಮಾತು ಒತ್ತಿ ಹೇಳಬೇಕು. ರೇಡಿಯೇಟರಿಗೆ ಹಾಕುವ ಹಸಿರು, ಕೆಂಪು ಕೂಲಂಟಿನಲ್ಲಿ ಸಾಮಾನ್ಯವಾಗಿ ಇಥಿಲೀನ್ ಗ್ಲೈಕಾಲ್ ಇರುತ್ತದೆ. ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಯಕೃತ್ತಿನಲ್ಲಿ ಅದು ಆಕ್ಸಾಲಿಕ್ ಆಮ್ಲವಾಗಿ, ಮೂತ್ರಪಿಂಡದಲ್ಲಿ ಹರಳುಗಟ್ಟಿ ಮೂತ್ರ ನಿಲ್ಲಿಸುತ್ತದೆ. ಹತ್ತು ಕಿಲೋ ತೂಕದ ನಾಯಿಗೆ 50 ಮಿ.ಲೀ. ಆಸುಪಾಸು ಸಾಕು, ಕರುವೂ ನೆಕ್ಕಬಹುದು, ಆಕಳೂ ಕುಡಿಯಬಹುದು. ಕೊಟ್ಟಿಗೆಯ ಮುಂದೆ ಗಾಡಿ ನಿಲ್ಲಿಸಿ ಕೂಲಂಟ್ ಇಳಿಸಬೇಡಿ, ಚೆಲ್ಲಿದರೆ ಮಣ್ಣು ಹಾಕಿ ಬಾಚಿ ತೆಗೆಯಿರಿ. ಹಳೇ ಬ್ಯಾಟರಿಯನ್ನೂ ಗೋದಲಿಯ ಹತ್ತಿರ ಇಡಬೇಡಿ, ಒಡೆದ ಬ್ಯಾಟರಿಯ ಸೀಸ ನೆಕ್ಕಿದ ದನ ಕಣ್ಣು ಕಾಣದೆ ಗೋಡೆಗೆ ಹಾಯ್ದು, ಸೆಟೆದು ಬೀಳುತ್ತದೆ. ಆಗ ಹುಚ್ಚು ರೋಗವೆಂದು ಹೆದರಿ ನನಗೆ ಫೋನು ಬರುತ್ತದೆ.

ಹಳೇ ಗಾಡಿ ಕೊಳ್ಳಲು ಬೆಳಗಾವಿಗೆ ಹೋಗುವವರು, ನಾವು ಬರುವ ಮೊದಲು ಚಾಲೂ ಮಾಡಬೇಡಿ ಎಂದು ಮಾರುವವರಿಗೆ ಹೇಳಿಡಿ. ಬೆಲ್ಟಿನ ಕೂಗು ಕೇಳುವುದು ತಣ್ಣನೆಯ ಎಂಜಿನ್ನಿನಲ್ಲೇ. ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಬಣ್ಣ ನೋಡಿ, ತುಕ್ಕಿನ ಬಣ್ಣವಿದ್ದರೆ ಬೆಲೆ ಇಳಿಸಿ ಕೇಳಿ ಅಥವಾ ಬಿಟ್ಟು ಬನ್ನಿ. ಮುಚ್ಚಳ ಹಾಕಿ, ಚಾಲೂ ಮಾಡಿಸಿ, ಫ್ಯಾನ್ ತಾನಾಗಿ ತಿರುಗಿ ನಿಲ್ಲುವವರೆಗೆ ಕಾಯಿರಿ. ಹದಿನೈದು, ಇಪ್ಪತ್ತು ನಿಮಿಷ ಹಿಡಿಯಬಹುದು, ಚಹಾ ಕುಡಿಯಲು ಕರೆದರೂ ಗಾಡಿ ಬಿಟ್ಟು ಹೋಗಬೇಡಿ.

ಕ್ಯಾನು ತುಂಬಿದ ಗಾಡಿ ದಾರಿಯಲ್ಲಿ ನಿಂತರೆ ಮೊದಲ ಫೋನು ಸಂಘದ ಕಾರ್ಯದರ್ಶಿಗೆ ಮಾಡಿ, ಮಿಸ್ತ್ರಿಗೆ ಆಮೇಲೆ. ಬೇರೆ ಗಾಡಿ ಬಂದು ಹಾಲು ಶೀತಲ ಕೇಂದ್ರ ಮುಟ್ಟಬೇಕು. ಅಲ್ಲಿಯವರೆಗೆ ಕ್ಯಾನುಗಳನ್ನು ನೆರಳಿಗೆ ಇಳಿಸಿ, ಒದ್ದೆ ಗೋಣಿಚೀಲ ಸುತ್ತಿ.