ಚಿತ್ರ ಬರೆದಾಯಿತು, ಹೆಸರೇನಿಡೋಣ?

ಚಿತ್ರ ಬಿಡಿಸುವ ನಮ್ಮ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಬಣ್ಣ ಹಚ್ಚುವುದಕ್ಕಿಂತ ಹೆಸರಿಡೋದೇ ಕಷ್ಟ ಅಂತಾರೆ. ಕೊನೆಗೆ ಗೂಗಲ್‌ನಲ್ಲಿ ಸಿಕ್ಕ ಯಾವುದೋ ಇಂಗ್ಲಿಷ್ ಪದ ಹಾಕಿ ಇನ್‌ಸ್ಟಾಗ್ರಾಮ್‌ಗೆ ಬಿಡುತ್ತಾರೆ. ಆದರೆ ಹೆಸರು ಬರೀ ಅಲಂಕಾರವಲ್ಲ. ನೋಡುವವರ ಕಣ್ಣಿಗೆ ದಾರಿ ತೋರಿಸುವುದು ಅದೇ.

ಬೆಳಗಾವಿಯಿಂದ ಪುಣೆಗೆ ರೈಲಿನಲ್ಲಿ ಹೋದವರಿಗೆ ಸಾಂಗ್ಲಿ ಜಿಲ್ಲೆಯ ಮಿರಜ್ ಜಂಕ್ಷನ್ ಗೊತ್ತು. ಅಲ್ಲಿಂದ ಒಂದು ಹಳಿ ಕೊಲ್ಹಾಪುರಕ್ಕೆ, ಇನ್ನೊಂದು ಪಂಢರಪುರದ ಕಡೆಗೆ ಹೋಗುತ್ತದೆ. ದೀಪವಿರುವ ಎರಡು ಪ್ರಸಿದ್ಧ ಚಿತ್ರಗಳಿಗೆ ಈ ಎರಡು ಊರುಗಳ ನಂಟಿದೆ.

ಮೊದಲನೆಯದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ಕೈಯಲ್ಲಿ ದೀಪ ಹಿಡಿದು, ಗಾಳಿಗೆ ಅಂಗೈ ಅಡ್ಡವಿಟ್ಟು ನಿಂತ ಹೆಣ್ಣು. ಬರೆದವರು ಎಸ್.ಎಲ್. ಹಳದಣಕರ್, 1945-46ರ ಸುಮಾರಿಗೆ. ಚಿತ್ರಕ್ಕಾಗಿ ನಿಂತವರು ಅವರ ಮಗಳು ಗೀತಾ. ಅವರು 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ಚಿತ್ರದ ಹೆಸರು ‘ಗ್ಲೋ ಆಫ್ ಹೋಪ್’, ಅಂದರೆ ಭರವಸೆಯ ಬೆಳಕು. ಜನ ಕರೆಯುವುದು ‘ದೀಪ ಹಿಡಿದ ಮಹಿಳೆ’ ಅಂತ. ಜನರ ಹೆಸರು ಕಂಡದ್ದನ್ನು ಹೇಳುತ್ತದೆ, ಇನ್ನೊಂದು ಆ ಬೆಳಕಿಗೆ ಅರ್ಥ ಕೊಡುತ್ತದೆ.

ಎರಡನೆಯದು ಎಂ.ಎಫ್. ಹುಸೇನ್ ಅವರದ್ದು. ಅವರು 1915ರಲ್ಲಿ ಹುಟ್ಟಿದ್ದು ಪಂಢರಪುರದಲ್ಲಿ. 1956ರ ಆ ಚಿತ್ರದ ಹೆಸರನ್ನು ಕನ್ನಡದಲ್ಲಿ ‘ಜೇಡ ಮತ್ತು ದೀಪದ ನಡುವೆ’ ಅನ್ನಬಹುದು. ಚಿತ್ರದಲ್ಲಿ ಹೆಂಗಸರಿದ್ದಾರೆ, ದೀಪವಿದೆ, ನೂಲಿಗೆ ಜೋತುಬಿದ್ದ ಜೇಡವಿದೆ. ನಡುವೆ ಇರುವುದೇನು? ಹೆಸರು ಹೇಳುವುದಿಲ್ಲ, ನಮ್ಮನ್ನೇ ಹುಡುಕಲು ಬಿಡುತ್ತದೆ. ಅದೇ ಹುಸೇನ್ 1955ರಲ್ಲಿ ಹಳ್ಳಿಯ ಬದುಕನ್ನು ಬರೆದಾಗ ಇಟ್ಟ ಹೆಸರು ಒಂದೇ ಪದ: ‘ಜಮೀನ್’. ಬೇಸಾಯ ಮಾಡುವವನಿಗೂ ಗೊತ್ತಿರುವ ಪದ.

ಹೆಸರೇ ಬೇಡ ಅಂದವರೂ ಇದ್ದಾರೆ. ವಿ.ಎಸ್. ಗಾಯತೊಂಡೆ ಅವರ ಹೆಚ್ಚಿನ ಚಿತ್ರಗಳಿಗೆ ಶೀರ್ಷಿಕೆ ಇಲ್ಲ. ಆಕಾರಗಳನ್ನೇ ಬಿಟ್ಟು ಬರೀ ಬಣ್ಣದಲ್ಲಿ ಬರೆದ ಚಿತ್ರಕ್ಕೆ ಹೆಸರು ಕೊಟ್ಟರೆ, ನೋಡುವವರು ಬಣ್ಣ ಬಿಟ್ಟು ಆ ಪದವನ್ನೇ ಹುಡುಕುತ್ತಾ ಕೂರುತ್ತಾರೆ.

ಹಾಗಾದರೆ ನಾವೇನು ಮಾಡೋಣ? ಈ ಚಿತ್ರ ಯಾಕೆ ಬರೆದೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಮೊದಲು ಬಾಯಿಗೆ ಬಂದ ಪದವನ್ನು ಬರೆದಿಡಿ. ಅದು ಮನೆಮಾತಿನ ಪದವಾದರೆ ನಾಚಿಕೆ ಬೇಡ. ಅಡುಗೆಮನೆಯಲ್ಲಿ ಪತ್ತಿರಿ ತಟ್ಟುವ ತಾಯಿಯ ಚಿತ್ರಕ್ಕೆ ‘ಮದರ್ಸ್ ಲವ್’ ಯಾಕೆ? ‘ಉಮ್ಮ’ ಅಂದರೆ ಸಾಲದೇ? ಚಿತ್ರವೇ ಎಲ್ಲ ಹೇಳುತ್ತಿದ್ದರೆ ಹೆಸರು ಚಿಕ್ಕದಿರಲಿ. ಪ್ರಶ್ನೆ ಕೇಳುವ ಚಿತ್ರವಾದರೆ, ಉತ್ತರವನ್ನು ಹೆಸರಿನಲ್ಲೇ ಕೊಟ್ಟುಬಿಡಬೇಡಿ.

ಇನ್ನೊಂದು ಮಾತು. ಹಳದಣಕರ್ ಅವರ ಚಿತ್ರವನ್ನು ರಾಜಾ ರವಿವರ್ಮನದ್ದು ಅಂತ ಇಂದಿಗೂ ಎಷ್ಟೋ ಜನ ಹೇಳುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಹುಟ್ಟುವ ಸುಮಾರು 40 ವರ್ಷ ಮೊದಲು! ದೀಪದ ಹೆಣ್ಣು ಎಲ್ಲರಿಗೂ ಗೊತ್ತು, ಬರೆದ ಕೈ ಯಾರದ್ದು ಅನ್ನೋದು ಮಾತ್ರ ಮರೆತುಹೋಗಿದೆ.

ಅದಕ್ಕೇ ಚಿತ್ರ ಮುಗಿದ ದಿನವೇ ಅದರ ಹಿಂಬದಿಯಲ್ಲಿ ಮೂರು ವಿಷಯ ಬರೆದಿಡಿ: ಚಿತ್ರದ ಹೆಸರು, ನಿಮ್ಮ ಹೆಸರು, ಇಸವಿ. ಫೋಟೊ ಹಂಚಿಕೊಳ್ಳುವಾಗಲೂ ಅವು ಜೊತೆಗಿರಲಿ.