ಹತ್ತಿದ್ದಕ್ಕಲ್ಲ, ವಾಪಸ್ ಕರೆತಂದದ್ದಕ್ಕೆ ಮಾರ್ಕು!

2024ರ ಜೂನ್ ತಿಂಗಳನ್ನು ನಮ್ಮವರು ಮರೆತಿರಲಾರರು. ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋಗಿದ್ದ ಚಾರಣ ತಂಡ ಹಿಮಗಾಳಿಗೆ ಸಿಕ್ಕಿ, 9 ಮಂದಿ ಮನೆಗೆ ಮರಳಲೇ ಇಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ಏಳುವ ಪ್ರಶ್ನೆ ಒಂದೇ: ಹಿಮದಲ್ಲಿ ಜನರನ್ನು ಕರಕೊಂಡು ಹೋಗೋರಿಗೆ ಏನೇನು ಗೊತ್ತಿರಬೇಕು?

ಈ ಪಾಠವನ್ನು ಸ್ಕಾಟ್ಲೆಂಡಿನವರು ಪೆಟ್ಟು ತಿಂದೇ ಕಲಿತರು. ಅಲ್ಲಿನ ಬೆಟ್ಟಗಳು ಭಾರಿ ಎತ್ತರವೇನಲ್ಲ. ಎಲ್ಲಕ್ಕೂ ಎತ್ತರದ ಬೆನ್ ನೆವಿಸ್ 1345 ಮೀಟರು. ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ! ಆದರೆ ಚಳಿಗಾಲ ಬಂತೆಂದರೆ ಅದೇ ಬೆಟ್ಟ ಯಮನ ಬಾಗಿಲು. 1986ರ ಮಾರ್ಚಿನಲ್ಲಿ ಕೇರ್ನ್‌ಗಾರ್ಮ್ ಶಿಖರದ ಮೇಲೆ ಗಾಳಿ ಗಂಟೆಗೆ 173 ಮೈಲಿ ವೇಗದಲ್ಲಿ ಬೀಸಿತ್ತು.

ಅದೇ ಕೇರ್ನ್‌ಗಾರ್ಮ್ ಸೀಮೆಯಲ್ಲಿ 1971ರ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಶಾಲಾಮಕ್ಕಳ ತಂಡವೊಂದು ಹಿಮಗಾಳಿಗೆ ಸಿಕ್ಕಿತು. ತಂಗುವ ಗುಡಿಸಲು ಸಿಗಲಿಲ್ಲ. ಎರಡು ರಾತ್ರಿ ಬಯಲಲ್ಲೇ ಕಳೆಯಿತು. ಐವರು ಮಕ್ಕಳು, ಜೊತೆಗಿದ್ದ ಸಹಾಯಕಿ ಒಬ್ಬಳು, ಒಟ್ಟು ಆರು ಜನ ಪ್ರಾಣ ಬಿಟ್ಟರು. ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವವರ ಅರ್ಹತೆಯ ಬಗ್ಗೆ ಬಿಗಿ ನಿಯಮ ಬಂದದ್ದು ಆಮೇಲೆ.

ಈಗ ಅಲ್ಲಿ 'ವಿಂಟರ್ ಮೌಂಟನ್ ಲೀಡರ್' ಅನ್ನೋ ಸರ್ಟಿಫಿಕೇಟು ಉಂಟು. ದುಡ್ಡು ಕಟ್ಟಿದರೆ ಸಿಗೋದಲ್ಲ. ಮೊದಲು ಬೇಸಿಗೆಯ ಬೆಟ್ಟಗಳ ಅರ್ಹತೆ ಪಡೆದಿರಬೇಕು. ಆಮೇಲೆ ಹಿಮದ ಬೆಟ್ಟದಲ್ಲಿ ಕನಿಷ್ಠ 20 ದಿನ ನಡೆದು ಲಾಗ್‌ಬುಕ್ಕಿನಲ್ಲಿ ಬರೆದಿಟ್ಟರೆ ಮಾತ್ರ 6 ದಿನದ ತರಬೇತಿ. ಅಲ್ಲಿಗೇ ಮುಗೀತೇ? ಇಲ್ಲ! ಈ ದಿನಗಳ ಲೆಕ್ಕ 40 ಮುಟ್ಟಿದ ಮೇಲೆಯೇ 5 ದಿನದ ಪರೀಕ್ಷೆ.

ಕಲಿಯೋದೇನು ಅಂತೀರಾ? ಕಾಲು ಜಾರಿ ಇಳಿಜಾರಿನಲ್ಲಿ ಉರುಳುವಾಗ ಕೈಯಲ್ಲಿರುವ ಹಿಮಗೊಡಲಿಯ ಮೊನೆಯನ್ನು ಎದೆಭಾರ ಹಾಕಿ ಹಿಮಕ್ಕೆ ಒತ್ತಿ ನಿಲ್ಲೋದು. ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿ ನಡೆಯೋದು. ಹಿಮ ಕೊರೆದು ಗುಹೆ ಮಾಡಿ ರಾತ್ರಿ ಕಳೆಯೋದು. ಆಕಾಶ, ನೆಲ ಎರಡೂ ಒಂದೇ ಬಿಳುಪಾಗಿ ಕಣ್ಣು ಕಟ್ಟಿದಾಗ ದಿಕ್ಸೂಚಿ ಹಿಡಿದು, 100 ಮೀಟರಿಗೆ ಎಷ್ಟು ಹೆಜ್ಜೆ ಅಂತ ಎಣಿಸುತ್ತ ಸಾಗೋದು. ಗಾಳಿ ಹೊತ್ತು ತಂದ ಹಿಮ ಬೆಟ್ಟದ ಮರೆಬದಿಯಲ್ಲಿ ರಾಶಿ ಬಿದ್ದಿದ್ದರೆ ಅದು ಯಾವಾಗ ಕುಸಿದೀತು ಅಂತ ಅಂದಾಜು ಮಾಡೋದು.

ಇಷ್ಟೆಲ್ಲ ಕಲಿತರೂ ಪರೀಕ್ಷಕರು ನೋಡೋದು ಬೇರೆಯೇ. ತುದಿ ಮುಟ್ಟಿದೆಯಾ ಅಂತಲ್ಲ. ಹಿಂದೆ ಬರುವವರಲ್ಲಿ ಯಾರ ಕೈ ಮರಗಟ್ಟಿದೆ, ಯಾರು ಮಾತು ತೊದಲುತ್ತಿದ್ದಾರೆ ಅಂತ ಗಮನಿಸಿದೆಯಾ? ಕೆಡುವ ಹವೆ ಕಂಡು 'ಸಾಕು, ವಾಪಸ್ ನಡೀರಿ' ಅನ್ನೋ ಎದೆಗಾರಿಕೆ ನಿನಗಿದೆಯಾ? ದುಡ್ಡು ಕೊಟ್ಟು ಬಂದವರಿಗೆ ಹಾಗೆ ಹೇಳೋದು ಸುಲಭವಲ್ಲ.

ಆ ಸರ್ಟಿಫಿಕೇಟು ಅಲ್ಲಿನ ಬೆಟ್ಟಗಳಿಗಷ್ಟೆ. ಹಿಮಾಲಯದ ಲೆಕ್ಕವೇ ಬೇರೆ. ಆದರೆ ಪ್ರಶ್ನೆ ಎಲ್ಲಿದ್ದರೂ ಅದೇ. ನಾಳೆ ಮಗನೋ ಮಗಳೋ 'ಹಿಮದ ಟ್ರೆಕ್ಕಿಂಗಿಗೆ ಹೋಗ್ತೀನಪ್ಪ, ದುಡ್ಡು ಕೊಡು' ಅಂದರೆ ಬೇಡ ಅನ್ನಬೇಡಿ. ರೇಟು ಕೇಳುವ ಮೊದಲು ಇಷ್ಟು ಕೇಳಿ: ಕರಕೊಂಡು ಹೋಗೋರು ಯಾರು? ಹಿಮದಲ್ಲಿ ಎಷ್ಟು ದಿನ ನಡೆದಿದ್ದಾರೆ? ಅರ್ಧ ದಾರಿಯಿಂದ ಎಷ್ಟು ಸಲ ವಾಪಸ್ ಬಂದಿದ್ದಾರೆ?